ಬಿಗಿದುಹೋದ ಸೈಲೆನ್ಸರ್ ಬೋಲ್ಟುಗಳನ್ನು ಬಿಚ್ಚುವ ಸರಿಯಾದ ಕ್ರಮ

ಟ್ರ್ಯಾಕ್ಟರು, ಪವರ್ ಟಿಲ್ಲರು ಅಥವಾ ಡೀಸೆಲ್ ಪಂಪುಸೆಟ್ಟು ಹೊಂದಿರುವ ರೈತರು ಸಣ್ಣಪುಟ್ಟ ರಿಪೇರಿಗಳನ್ನು ತಾವೇ ಮಾಡಿಕೊಂಡರೆ ಹಣ, ಕಾಲ ಎರಡೂ ಉಳಿಯುತ್ತವೆ. ಆದರೆ ನೋಡಲು ಸುಲಭವೆನಿಸಿ, ಮಾಡಲು ಹೋದಾಗ ದುಬಾರಿಯಾಗುವ ಕೆಲಸ ಒಂದಿದೆ. ಅದೇ ಎಂಜಿನ್ನಿನ ಹೊಗೆ ಹೊರಹೋಗುವ ಭಾಗದ ನಟ್ಟು-ಬೋಲ್ಟುಗಳನ್ನು ಬಿಚ್ಚುವುದು. ಗ್ಯಾಸ್ಕೆಟ್ ಬದಲಿಸಲು ಹೊರಟವರು ಅವಸರದಲ್ಲಿ ಬೋಲ್ಟನ್ನು ಮುರಿದರೆ, ಅದರ ತುಂಡು ಸಿಲಿಂಡರ್ ಹೆಡ್ಡಿನೊಳಗೆ ಉಳಿಯುತ್ತದೆ. ಕೊನೆಗೆ ಹೆಡ್ಡನ್ನೇ ಬಿಚ್ಚಿ ವರ್ಕ್‌ಶಾಪಿಗೆ ಒಯ್ಯಬೇಕಾಗುತ್ತದೆ. ಬಿತ್ತನೆಯ ಹದದಲ್ಲಿ ನಾಲ್ಕು ದಿನ ಟ್ರ್ಯಾಕ್ಟರು ನಿಂತರೆ ಆಗುವ ನಷ್ಟ ಗ್ಯಾಸ್ಕೆಟ್ಟಿನ ಬೆಲೆಗಿಂತ ಎಷ್ಟೋ ಪಾಲು ಹೆಚ್ಚು.

ಹಾಗೆಂದು ಈ ರಿಪೇರಿಯನ್ನು ಮುಂದೂಡುವುದೂ ಸರಿಯಲ್ಲ. ಜೋಡಣೆಯ ಸಂದಿನಿಂದ ಹೊಗೆ ಸೋರುತ್ತಿದ್ದರೆ ಅದರೊಡನೆ ಕಿಡಿಯೂ ಹೊರಬರಬಹುದು. ಒಕ್ಕಣೆಯ ಕಣದಲ್ಲಿ ಒಣಹುಲ್ಲಿನ ಪಕ್ಕ ನಿಂತ ಟ್ರ್ಯಾಕ್ಟರಿನಿಂದ ಬಣವೆಗೆ ಬೆಂಕಿ ತಗಲಲು ಇಷ್ಟೇ ಸಾಕು. ಮುಚ್ಚಿದ ಪಂಪುಮನೆಯಲ್ಲಿ ಹೊಗೆ ತುಂಬಿಕೊಂಡರೆ ಅದರಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ವಾಸನೆಯಿಲ್ಲದ ವಿಷಾನಿಲ ಪ್ರಾಣಕ್ಕೇ ಅಪಾಯ ತರಬಲ್ಲದು.

ಬೋಲ್ಟುಗಳು ಬಿಗಿದುಕೊಳ್ಳಲು ಕಾರಣ

ಸಿಲಿಂಡರುಗಳಿಂದ ಬರುವ ಹೊಗೆಯನ್ನು ಒಟ್ಟುಗೂಡಿಸಿ ಸೈಲೆನ್ಸರಿಗೆ ಕಳಿಸುವ ಬೀಡು ಕಬ್ಬಿಣದ ಭಾಗಕ್ಕೆ ಮ್ಯಾನಿಫೋಲ್ಡ್ ಎನ್ನುತ್ತಾರೆ. ಡೀಸೆಲ್ ಎಂಜಿನ್ ಪೂರ್ಣ ಹೊರೆಯಲ್ಲಿ ಓಡುವಾಗ ಹೊಗೆಯ ಶಾಖ 400 ಡಿಗ್ರಿ ಸೆಂಟಿಗ್ರೇಡನ್ನೂ ಮೀರುತ್ತದೆ. ಇಂತಹ ಶಾಖದಲ್ಲಿ ಬೋಲ್ಟಿಗೆ ಹಚ್ಚಿದ ಸಾಮಾನ್ಯ ಗ್ರೀಸು ಉರಿದುಹೋಗುತ್ತದೆ. ಬರಿದಾದ ತಿರುಪಿನ ಎಳೆಗಳ ನಡುವೆ ತೇವ ಸೇರಿ ತುಕ್ಕು ಹಿಡಿಯುತ್ತದೆ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುವುದರಿಂದ ಎಳೆಗಳ ಸಂದಿನಲ್ಲಿ ಬೆಣೆ ಹೊಡೆದಂತೆ ಕುಳಿತುಬಿಡುತ್ತದೆ. ಕೆಸರುಗದ್ದೆಯಲ್ಲಿ ದುಡಿಯುವ ಟಿಲ್ಲರುಗಳಲ್ಲಿಯೂ, ಉಪ್ಪುಗಾಳಿ ಬೀಸುವ ಕರಾವಳಿಯಲ್ಲಿಯೂ ಈ ತೊಂದರೆ ಹೆಚ್ಚು.

ಎರಡನೆಯ ಕಾರಣ ಹಿಗ್ಗುವಿಕೆ. ಒಂದು ಮೀಟರ್ ಉದ್ದದ ಕಬ್ಬಿಣ ಪ್ರತಿ 100 ಡಿಗ್ರಿ ಶಾಖಕ್ಕೆ ಒಂದು ಮಿಲಿಮೀಟರಿಗೂ ತುಸು ಹೆಚ್ಚು ಹಿಗ್ಗುತ್ತದೆ. 40 ಸೆಂ.ಮೀ. ಉದ್ದದ ಮ್ಯಾನಿಫೋಲ್ಡು 300 ಡಿಗ್ರಿಯಷ್ಟು ಬಿಸಿಯೇರಿದಾಗ ಒಂದು ಮಿ.ಮೀ.ಗಿಂತ ಹೆಚ್ಚು ಉದ್ದವಾಗುತ್ತದೆ. ಹೆಡ್ಡು ಅಷ್ಟು ಬಿಸಿಯಾಗದ ಕಾರಣ ಅಷ್ಟು ಹಿಗ್ಗುವುದಿಲ್ಲ. ಈ ಜಗ್ಗಾಟದ ಪೆಟ್ಟು ಹೆಚ್ಚಾಗಿ ಬೀಳುವುದು ಎರಡು ತುದಿಗಳ ಬೋಲ್ಟುಗಳ ಮೇಲೆ. ಆದ್ದರಿಂದ ಬಿಚ್ಚುವಾಗ ತುದಿಯ ಬೋಲ್ಟುಗಳ ವಿಷಯದಲ್ಲಿ ವಿಶೇಷ ಎಚ್ಚರ ಬೇಕು.

ಬಲ ಪ್ರಯೋಗ ಏಕೆ ಕೂಡದು?

8 ಮಿ.ಮೀ. ಬೋಲ್ಟನ್ನು ಸಾಮಾನ್ಯವಾಗಿ ಬಿಗಿಯುವುದು ಸುಮಾರು 2.5 ಕಿ.ಗ್ರಾಂ.-ಮೀಟರ್ ತಿರುಚು ಬಲದಿಂದ. ಅಂದರೆ 20 ಸೆಂ.ಮೀ. ಉದ್ದದ ಸ್ಪ್ಯಾನರಿನ ತುದಿಯಲ್ಲಿ 12 ಕಿ.ಗ್ರಾಂ.ನಷ್ಟು ಎಳೆತ. ಅದೇ ಸ್ಪ್ಯಾನರಿಗೆ ಪೈಪು ತೊಡಿಸಿ 60 ಸೆಂ.ಮೀ. ದೂರದಿಂದ 30 ಕಿ.ಗ್ರಾಂ. ಬಲ ಹಾಕಿ ಎಳೆದರೆ ಅದು 18 ಕಿ.ಗ್ರಾಂ.-ಮೀಟರ್ ಆಗುತ್ತದೆ. ಬಿಗಿಯುವ ಬಲದ ಏಳು ಪಟ್ಟು! ತುಕ್ಕಿನಿಂದ ಸವೆದ ಬೋಲ್ಟು ಇದನ್ನು ತಾಳಲಾರದು. ಆದ್ದರಿಂದ ಪೈಪನ್ನು ದೂರವಿಟ್ಟು, ಎಣ್ಣೆ, ಶಾಖ ಮತ್ತು ಕಾಲ ಇವು ಮೂರರಿಂದ ಕೆಲಸ ತೆಗೆದುಕೊಳ್ಳಬೇಕು.

ಪೂರ್ವಸಿದ್ಧತೆ

ಸುಗ್ಗಿ ಮುಗಿದು ಮುಂಗಾರಿನ ಉಳುಮೆ ಆರಂಭವಾಗುವುದಕ್ಕೆ ಮುಂಚಿನ ಬಿಡುವೇ ಈ ಕೆಲಸಕ್ಕೆ ತಕ್ಕ ಕಾಲ. ಕೆಲಸಕ್ಕೆ ಮೂರು ದಿನ ಮುಂಚಿತವಾಗಿಯೇ ಸಿದ್ಧತೆ ನಡೆಸತಕ್ಕದ್ದು.

1. ಟ್ರ್ಯಾಕ್ಟರನ್ನು ಸಮತಟ್ಟಾದ ಬಯಲಿನಲ್ಲಿ, ಹುಲ್ಲು-ರವದಿಯಿಂದ ದೂರ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಹಾಕಿ, ಚಕ್ರಗಳಿಗೆ ಕಲ್ಲು ಕೊಡಬೇಕು. ಬ್ಯಾಟರಿಯ ನೆಗೆಟಿವ್ ತಂತಿಯನ್ನು ಕಳಚಬೇಕು. ಎಂಜಿನ್ ಓಡಿಸಬೇಕಾದಾಗ ಮಾತ್ರ ಅದನ್ನು ಮತ್ತೆ ಜೋಡಿಸಿಕೊಳ್ಳಬೇಕು.

2. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ತಂತಿ ಬ್ರಷ್ಷಿನಿಂದ ಬೋಲ್ಟಿನ ತಲೆ ಹಾಗೂ ಹೊರಗೆ ಕಾಣುವ ಎಳೆಗಳ ತುಕ್ಕನ್ನು ಉಜ್ಜಿ ತೆಗೆಯಬೇಕು. ಮಣ್ಣು ಮೆತ್ತಿದ್ದರೆ ಎಣ್ಣೆ ಒಳಗೆ ಇಳಿಯುವುದಿಲ್ಲ.

3. ಆಟೋಮೊಬೈಲ್ ಅಂಗಡಿಗಳಲ್ಲಿ ಸಿಗುವ, ತುಕ್ಕು ಸಡಿಲಿಸುವ ತೆಳು ಎಣ್ಣೆಯನ್ನು ನಟ್ಟಿನ ಬುಡಕ್ಕೆ ನಾಲ್ಕೈದು ಹನಿ ಬಿಟ್ಟು ಸುತ್ತಿಗೆಯಿಂದ ಮೆಲ್ಲಗೆ ತಟ್ಟಬೇಕು. ತಟ್ಟುವುದರಿಂದ ತುಕ್ಕು ಬಿರುಕು ಬಿಟ್ಟು ಎಣ್ಣೆಗೆ ದಾರಿಯಾಗುತ್ತದೆ. ಈ ಎಣ್ಣೆ ಸಿಗದಿದ್ದರೆ ಡೀಸೆಲನ್ನು ಬಳಸಬಹುದು. ಆದರೆ ಅದು ಇಳಿಯಲು ಹೆಚ್ಚು ಸಮಯ ಬೇಕು.

4. ಸಂಜೆ-ಬೆಳಿಗ್ಗೆ ಹೀಗೆ ಮೂರು ದಿನ ಮಾಡಬೇಕು. ನಡುವೆ ಒಂದೆರಡು ಬಾರಿ, ಹೊರಗೆ ಉಳಿದ ಎಣ್ಣೆಯನ್ನು ಚೆನ್ನಾಗಿ ಒರೆಸಿ, ಎಂಜಿನ್ನನ್ನು ಹತ್ತು ನಿಮಿಷ ಓಡಿಸಿ ಆರಲು ಬಿಡುವುದು ಒಳ್ಳೆಯದು. ಹಿಗ್ಗಿ ಕುಗ್ಗುವಾಗ ಎಳೆಗಳ ಹಿಡಿತ ಸಡಿಲಗೊಳ್ಳುತ್ತದೆ.

ಬಿಚ್ಚುವ ಕ್ರಮ

ಮೊದಲು ಸರಿಯಾದ ಅಳತೆಯ ಸ್ಪ್ಯಾನರನ್ನು ಆರಿಸಬೇಕು. ಕೆಲವು ಟ್ರ್ಯಾಕ್ಟರುಗಳಲ್ಲಿ ಇಂಚಿನ ಅಳತೆಯ ಬೋಲ್ಟುಗಳಿವೆ. ಅರ್ಧ ಇಂಚು ಎಂದರೆ 12.7 ಮಿ.ಮೀ.; ಅದಕ್ಕೆ 13 ಮಿ.ಮೀ. ಸ್ಪ್ಯಾನರ್ ಹಾಕಿದರೆ ಕೂತಂತೆ ಕಂಡರೂ ಬಲ ಬಿದ್ದಾಗ ಜಾರಿ ಮೂಲೆಗಳನ್ನು ಸವೆಸಿಬಿಡುತ್ತದೆ. ಬಾಯಿ ತೆರೆದ ಸ್ಪ್ಯಾನರನ್ನಾಗಲಿ, ಅಡ್ಜಸ್ಟಬಲ್ ಸ್ಪ್ಯಾನರನ್ನಾಗಲಿ ಬಳಸಕೂಡದು. ಆರು ಮೂಲೆಯ ಬಾಕ್ಸ್ ಸ್ಪ್ಯಾನರ್ ಎಲ್ಲಕ್ಕಿಂತ ಉತ್ತಮ.

ಬೋಲ್ಟನ್ನು ಮೊದಲು ಬಿಗಿಯುವ ಕಡೆಗೆ ಕೂದಲೆಳೆಯಷ್ಟು ಒತ್ತಿ, ಅನಂತರ ಸಡಿಲಿಸುವ ಕಡೆಗೆ ಒಂದೇ ಸಮನೆ ಎಳೆಯಬೇಕು. ತುಸು ಅಲುಗಿದೊಡನೆ ಪೂರ್ತಿ ಬಿಚ್ಚಲು ಹೋಗಬಾರದು. ಕಾಲು ಸುತ್ತು ಹೊರಗೆ, ಅರ್ಧದಷ್ಟು ಹಿಂದಕ್ಕೆ, ಎರಡು ಹನಿ ಎಣ್ಣೆ, ಮತ್ತೆ ಕಾಲು ಸುತ್ತು ಹೀಗೆ ಮುಂದುವರಿಯಬೇಕು. ಪುಡಿಯಾದ ತುಕ್ಕು ಎಳೆಗಳಲ್ಲಿ ಸಿಕ್ಕಿ ಮತ್ತೆ ಬಿಗಿಯದಿರಲು ಇದೇ ಉಪಾಯ.

ಈ ಹಂತದಲ್ಲಿ ಕೈಗೆ ತಿಳಿಯುವ ಎರಡು ಸೂಚನೆಗಳಿವೆ. ಬೋಲ್ಟು ಟಕ್ಕೆಂದು ಸದ್ದು ಮಾಡಿ ಅಲುಗಿದರೆ ತುಕ್ಕಿನ ಹಿಡಿತ ಬಿಟ್ಟಿತೆಂದು ಅರ್ಥ. ಸದ್ದಿಲ್ಲದೆ ಮೆತ್ತಗೆ ತಿರುಗುತ್ತಾ ಕೈ ಬಿಟ್ಟಾಗ ಸ್ಪ್ರಿಂಗಿನಂತೆ ಹಿಂದಕ್ಕೆ ಬಂದರೆ, ಬೋಲ್ಟು ಬಿಚ್ಚುತ್ತಿಲ್ಲ, ತಿರುಚಿಕೊಳ್ಳುತ್ತಿದೆ. ಆ ಕ್ಷಣವೇ ನಿಲ್ಲಿಸಿ ಎಣ್ಣೆ ಬಿಟ್ಟು ಮರುದಿನಕ್ಕೆ ಕಾಯಬೇಕು.

ಹೆಡ್ಡಿನಲ್ಲಿ ಕೂರಿಸಿದ ಸ್ಟಡ್ಡಿನ ಮೇಲೆ ನಟ್ಟು ಇರುವ ಕಡೆ ಒಂದು ಅನುಕೂಲವಿದೆ. ನಟ್ಟು ಬಾರದೇ ಇದ್ದರೆ ಹ್ಯಾಕ್ಸಾ ಬ್ಲೇಡಿನಿಂದ ಅದರ ಒಂದು ಮೈಯನ್ನು ಸ್ಟಡ್ಡಿಗೆ ತಾಗದಂತೆ ಕೊಯ್ದು, ಉಳಿಯಿಂದ ಸೀಳಿ ತೆಗೆಯಬಹುದು. ನಟ್ಟು ಹೋದರೆ ಕೆಲವೇ ರೂಪಾಯಿ. ಸ್ಟಡ್ಡು ಮುರಿದರೆ ಹೆಡ್ಡಿನವರೆಗೂ ಕೆಲಸ ಎಂಬುದನ್ನು ನೆನಪಿಡಬೇಕು.

ಬೆಂಕಿಯ ವಿಷಯದಲ್ಲಿ ಎಚ್ಚರಿಕೆ

ಎಣ್ಣೆಗೆ ಜಗ್ಗದ ನಟ್ಟನ್ನು ಗ್ಯಾಸಿನ ಜ್ವಾಲೆಯಿಂದ ಕಾಯಿಸುವುದು ವರ್ಕ್‌ಶಾಪುಗಳ ಪದ್ಧತಿ. ನಟ್ಟು ಹಿಗ್ಗಿ ಸ್ಟಡ್ಡಿನ ಹಿಡಿತ ಬಿಡುತ್ತದೆ. ಆದರೆ ಅನೇಕ ಟ್ರ್ಯಾಕ್ಟರುಗಳಲ್ಲಿ ಡೀಸೆಲ್ ಟ್ಯಾಂಕು ಬಾನೆಟ್ಟಿನ ಕೆಳಗೆ, ಎಂಜಿನ್ನಿನ ಮೇಲೆಯೇ ಇರುತ್ತದೆ. ಹತ್ತಿರದಲ್ಲೇ ಡೀಸೆಲ್ ಪೈಪುಗಳೂ ಹಾದುಹೋಗುತ್ತವೆ. ಆದುದರಿಂದ ಮನೆಯಲ್ಲಿ ಜ್ವಾಲೆ ಬಳಸದೆ ಈ ಕೆಲಸವನ್ನು ಅನುಭವಿ ಮೆಕ್ಯಾನಿಕ್ಕಿಗೆ ಬಿಡುವುದೇ ಕ್ಷೇಮ. ಕಾದ ಮ್ಯಾನಿಫೋಲ್ಡಿನ ಮೇಲೆ ಎಂದಿಗೂ ನೀರು ಸುರಿಯಬಾರದು. ಬೀಡು ಕಬ್ಬಿಣ ಸೀಳುತ್ತದೆ. ಸತುವಿನ ಲೇಪವಿರುವ ಬೋಲ್ಟುಗಳನ್ನು ಕಾಯಿಸಿದಾಗ ಬರುವ ಹೊಗೆ ಆರೋಗ್ಯಕ್ಕೆ ಹಾನಿಕರ.

ಹಳೆಯ ಎಂಜಿನ್ನುಗಳ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರು ಇರಬಹುದು. ಇದರ ಧೂಳು ಶ್ವಾಸಕೋಶಕ್ಕೆ ಮಾರಕ. ಅಂಟಿಕೊಂಡ ಗ್ಯಾಸ್ಕೆಟ್ಟನ್ನು ಒಣಗಿದ್ದಾಗ ಕೆರೆಯದೆ, ನೀರಿನಿಂದ ನೆನೆಸಿ, ಮೂಗು-ಬಾಯಿಗೆ ಮಾಸ್ಕ್ ಧರಿಸಿ ಎಬ್ಬಿಸಬೇಕು. ಅದನ್ನು ಗಾಳಿ ಪಂಪಿನಿಂದ ಊದಬಾರದು.

ಬೋಲ್ಟು ಮುರಿದಾಗ

ಮುರಿದ ತುಂಡು ಹೊರಗೆ ಚಾಚಿಕೊಂಡಿದ್ದರೆ ಅದನ್ನು ಹಾಗೆಯೇ ಉಳಿಸಿಕೊಳ್ಳಬೇಕು, ಕುಟ್ಟಿ ಹಾಳುಮಾಡಬಾರದು. ಎಳೆಗಳು ಚೆನ್ನಾಗಿದ್ದರೆ ಅದರ ಮೇಲೆ ಎರಡು ನಟ್ಟುಗಳನ್ನು ಒಂದಕ್ಕೊಂದು ಬಿಗಿದು, ಒಳಗಿನ ನಟ್ಟಿಗೆ ಸ್ಪ್ಯಾನರ್ ಹಾಕಿ ತಿರುಗಿಸಬಹುದು. ಇಲ್ಲವಾದರೆ ವೆಲ್ಡರ್ ಅದರ ತಲೆಗೆ ಒಂದು ನಟ್ಟನ್ನು ಬೆಸೆಯಬಲ್ಲನು. ಬೆಸುಗೆಯ ಶಾಖದಿಂದಲೇ ತುಂಡು ಅನೇಕ ವೇಳೆ ಸಡಿಲವಾಗುತ್ತದೆ. ತುಂಡು ಹೆಡ್ಡಿನ ಮಟ್ಟಕ್ಕೇ ಮುರಿದಿದ್ದರೆ ನಟ್ಟನಡುವೆ ರಂಧ್ರ ಕೊರೆದು ತೆಗೆಯಬೇಕಾಗುತ್ತದೆ. ಡ್ರಿಲ್ಲು ತುಸು ಓರೆಯಾದರೂ ಹೆಡ್ಡಿನ ಎಳೆ ಕೆಡುವುದರಿಂದ ಇದು ವರ್ಕ್‌ಶಾಪಿನ ಕೆಲಸ.

ಮರಳಿ ಜೋಡಿಸುವಾಗ

ಮುಂದಿನ ಸಲ ಸುಲಭವಾಗಿ ಬಿಚ್ಚಲು ಬರುವುದು ಇಂದಿನ ಜೋಡಣೆಯನ್ನು ಅವಲಂಬಿಸಿದೆ. ತುಕ್ಕು ತಿಂದ ಬೋಲ್ಟುಗಳನ್ನು ಮತ್ತೆ ಬಳಸದೆ, ಎಂಜಿನ್ ಕೈಪಿಡಿಯಲ್ಲಿ ಹೇಳಿದ ದರ್ಜೆಯ ಹೊಸ ಬೋಲ್ಟುಗಳನ್ನೇ ಹಾಕಬೇಕು. ಸ್ಟಡ್ಡುಗಳಿಗೆ ಹಿತ್ತಾಳೆಯ ನಟ್ಟು ಹೊಂದುವುದಾದರೆ ಅದು ತುಕ್ಕಿಗೆ ಕಚ್ಚಿಕೊಳ್ಳುವುದಿಲ್ಲ. ಎಳೆಗಳಿಗೆ ಗ್ರೀಸಿನ ಬದಲು ತಾಮ್ರದ ಅಥವಾ ನಿಕ್ಕಲಿನ ಪುಡಿ ಬೆರೆತ, ಶಾಖ ತಾಳುವ ಪೇಸ್ಟನ್ನು ತೆಳುವಾಗಿ ಹಚ್ಚಬೇಕು. ಪೇಸ್ಟ್ ಹಚ್ಚಿದಾಗ ಬೋಲ್ಟು ಸಲೀಸಾಗಿ ತಿರುಗುವುದರಿಂದ ಮಾಮೂಲಿಗಿಂತ ತುಸು ಕಡಿಮೆ ಬಲ ಸಾಕು. ನಡುವಿನ ಬೋಲ್ಟಿನಿಂದ ಆರಂಭಿಸಿ ತುದಿಗಳ ಕಡೆಗೆ, ಎರಡು-ಮೂರು ಸರದಿಗಳಲ್ಲಿ ಬಿಗಿಯುತ್ತಾ ಹೋಗಬೇಕು. ಹೊಸ ಗ್ಯಾಸ್ಕೆಟ್ಟು ಶಾಖಕ್ಕೆ ಕುಳಿತುಕೊಳ್ಳುವುದರಿಂದ, ಒಂದು ದಿನ ಕೆಲಸ ಮಾಡಿಸಿ ಎಂಜಿನ್ ತಣ್ಣಗಾದ ಮೇಲೆ ಬಿಗಿತವನ್ನು ಮತ್ತೊಮ್ಮೆ ಪರೀಕ್ಷಿಸುವುದು ಅವಶ್ಯ.

ಮೂರು ದಿನದ ಎಣ್ಣೆ ಮತ್ತು ತಾಳ್ಮೆ ಹೆಚ್ಚಿನ ಬೋಲ್ಟುಗಳನ್ನು ಮುರಿಯದೆ ಬಿಚ್ಚಿಸುತ್ತವೆ. ರೈತರು ಈ ಕೆಲಸವನ್ನು ಬಿಡುವಿನ ಕಾಲದಲ್ಲಿಯೇ ಮುಗಿಸಿಕೊಂಡು, ಮೊದಲ ಮಳೆಗೆ ಎಂಜಿನ್ನನ್ನು ಸಿದ್ಧವಾಗಿಟ್ಟುಕೊಳ್ಳುವುದು ಲೇಸು.