ಮೌಲ್ಯವೂ ನಡತೆಯೂ

ಮೌಲ್ಯವೆಂಬ ಮಾತನ್ನು ನಾವು ಶಾಲೆಯಲ್ಲಿ ಮೇಲಿಂದ ಮೇಲೆ ಕೇಳುತ್ತೇವೆ. ಅದರ ಮೂಲಾರ್ಥ ಬೆಲೆ. ಒಂದು ಪದಾರ್ಥಕ್ಕಾಗಿ ಎಷ್ಟು ಹಣ ಕೊಡಲು ಸಿದ್ಧರಿರುವೆವೆಂಬುದರಿಂದ ನಾವು ಅದಕ್ಕೆ ಕಟ್ಟಿದ ಬೆಲೆ ತಿಳಿಯುತ್ತದೆ. ಅದೇ ರೀತಿ ಒಂದು ಗುಣಕ್ಕಾಗಿ ಏನನ್ನು ಬಿಟ್ಟುಕೊಡಲು ಸಿದ್ಧರಿರುವೆವೆಂಬುದರಿಂದ ಆ ಗುಣಕ್ಕೆ ನಾವು ಕಟ್ಟಿದ ಬೆಲೆಯೂ ತಿಳಿಯುತ್ತದೆ. ಸತ್ಯವು ದೊಡ್ಡದೆಂದು ಎಲ್ಲರೂ ಹೇಳಬಲ್ಲರು. ನಿಜ ಹೇಳಿದರೆ ನಾಲ್ಕು ಅಂಕಗಳು ಹೋಗುವುವೆಂದು ತಿಳಿದೂ ನಿಜವನ್ನೇ ಹೇಳುವ ವಿದ್ಯಾರ್ಥಿಯಲ್ಲಿ ಮಾತ್ರ ಸತ್ಯವು ಮೌಲ್ಯವಾಗಿ ನೆಲೆಸಿದೆಯೆನ್ನಬಹುದು.

ಮುಂಬಯಿಯಲ್ಲಿ ವಾಸಿಸುವ ನಮಗೆ ನಾನಾ ಭಾಷೆಗಳ, ನಾನಾ ಮತಗಳ ನೆರೆಹೊರೆಯುಂಟು. ಅವರ ನಡೆನುಡಿಗಳು ನಮ್ಮವುಗಳಂತಿಲ್ಲದಿದ್ದರೆ ಅವರ ಮೌಲ್ಯಗಳೇ ಬೇರೆಯೆಂದು ಭಾವಿಸುವುದು ಸುಲಭ. ಆದರೆ ಒಂದು ಉದಾಹರಣೆಯನ್ನು ನೋಡೋಣ. ಗುರುದ್ವಾರವನ್ನು ಪ್ರವೇಶಿಸುವವರು ತಲೆಯನ್ನು ಬಟ್ಟೆಯಿಂದ ಮುಚ್ಚಿಕೊಳ್ಳಬೇಕು. ಇಗರ್ಜಿಯೊಳಗೆ ಗಂಡಸರು ಟೊಪ್ಪಿಗೆಯನ್ನು ತೆಗೆಯುವುದು ವಾಡಿಕೆ. ದೇವಸ್ಥಾನಕ್ಕೆ ಹೋಗುವಾಗ ನಾವು ಪಾದರಕ್ಷೆಗಳನ್ನು ಹೊರಗೆ ಬಿಡುತ್ತೇವೆ. ಒಬ್ಬರು ತಲೆ ಮುಚ್ಚುವರು, ಇನ್ನೊಬ್ಬರು ತಲೆಯನ್ನು ಬರಿದು ಮಾಡುವರು. ನಡತೆಗಳು ಪರಸ್ಪರ ವಿರುದ್ಧವಾಗಿದ್ದರೂ ಅವುಗಳ ಹಿಂದಿರುವ ಪೂಜ್ಯಭಾವವು ಒಂದೇ. ಆದುದರಿಂದ ಹೊರಗಣ ಆಚಾರವನ್ನು ಕಂಡ ಮಾತ್ರಕ್ಕೆ ಒಳಗಣ ಮೌಲ್ಯವನ್ನು ಅಳೆಯಲಾಗದು.

ಹಾಗಾದರೆ ಜಗತ್ತಿನ ಎಲ್ಲ ಜನರಿಗೂ ಸಮಾನವಾದ ಮೌಲ್ಯಗಳು ಇವೆಯೇ? ಜೆರೂಸಲೇಮಿನ ಹೀಬ್ರೂ ವಿಶ್ವವಿದ್ಯಾನಿಲಯದ ಮನಶ್ಶಾಸ್ತ್ರಜ್ಞ ಶಾಲೋಮ್ ಶ್ವಾರ್ಟ್ಸ್ ಅವರು ಈ ಪ್ರಶ್ನೆಯನ್ನು ಕೈಗೆತ್ತಿಕೊಂಡು, 20 ದೇಶಗಳಲ್ಲಿ ನಡೆದ ಅಧ್ಯಯನದ ಫಲವನ್ನು 1992ರಲ್ಲಿ ಪ್ರಕಟಿಸಿದರು. ಅವರು ಮೂಲ ಮೌಲ್ಯಗಳನ್ನು ಹತ್ತು ಬಗೆಯಾಗಿ ವಿಂಗಡಿಸಿದರು. ಅವು ಯಾವುವೆಂದರೆ: ಸ್ವಂತ ವಿಚಾರ, ಹೊಸತನದ ಹಂಬಲ, ಸುಖ, ಸಾಧನೆ, ಅಧಿಕಾರ, ಭದ್ರತೆ, ನಿಯಮಪಾಲನೆ, ಸಂಪ್ರದಾಯ, ಆಪ್ತರ ಹಿತ, ಸರ್ವರ ಹಿತ. ಮುಂದೆ 2001ರಲ್ಲಿ ಅವರೂ ಅನಾತ್ ಬಾರ್ದಿ ಅವರೂ ಕೂಡಿ ಅನೇಕ ದೇಶಗಳ ಉತ್ತರಗಳನ್ನು ಹೋಲಿಸಿ ನೋಡಿದಾಗ, ಬಹುತೇಕ ಎಲ್ಲೆಡೆ ಆಪ್ತರ ಹಿತಕ್ಕೆ ಅತ್ಯುಚ್ಚ ಸ್ಥಾನವೂ ಅಧಿಕಾರಕ್ಕೆ ಕಟ್ಟಕಡೆಯ ಸ್ಥಾನವೂ ದೊರೆತಿದ್ದವು.

ಈ ಹತ್ತನ್ನೂ ಶ್ವಾರ್ಟ್ಸ್ ಅವರು ಒಂದು ವೃತ್ತದಲ್ಲಿ ಜೋಡಿಸಿದರು. ಪಕ್ಕಪಕ್ಕದ ಮೌಲ್ಯಗಳು ಒಂದಕ್ಕೊಂದು ಹೊಂದಿಕೊಳ್ಳುತ್ತವೆ, ಎದುರುಬದುರಾಗಿರುವವು ಸೆಣಸುತ್ತವೆ. ಕಾಯಿಲೆಯಿಂದ ಎರಡು ವಾರ ಶಾಲೆಗೆ ಬಾರದ ಸಹಪಾಠಿಯು ಪರೀಕ್ಷೆಗೆ ಮುಂಚೆ ನಮ್ಮ ಟಿಪ್ಪಣಿಪುಸ್ತಕವನ್ನು ಕೇಳಿದನೆನ್ನೋಣ. ಕೊಟ್ಟರೆ ನಮ್ಮ ಓದಿಗೆ ಅಡ್ಡಿ, ಕೊಡದಿದ್ದರೆ ಗೆಳೆಯನಿಗೆ ನಷ್ಟ. ಇಲ್ಲಿ ಸಾಧನೆಯೂ ಆಪ್ತರ ಹಿತವೂ ಎದುರುಬದುರಾಗಿ ನಿಲ್ಲುತ್ತವೆ. ಎರಡೂ ನಮಗೆ ಬೇಕಾದವುಗಳೇ. ಆದರೆ ಆ ಗಳಿಗೆಯಲ್ಲಿ ಯಾವುದನ್ನು ಮೇಲೆ ಕೂರಿಸುವೆವೋ ಅದರಂತೆ ನಮ್ಮ ಕೈ ಮುಂದಾಗುವುದು ಅಥವಾ ಹಿಂದೆ ಸರಿಯುವುದು. ನಡತೆಯನ್ನು ರೂಪಿಸುವುದು ಮೌಲ್ಯಗಳ ಪಟ್ಟಿಯಲ್ಲ, ಅವುಗಳಿಗೆ ನಾವು ಕೊಡುವ ಶ್ರೇಣಿ. ಈ ಶ್ರೇಣಿಯು ದೇಶದಿಂದ ದೇಶಕ್ಕೆ ಕೊಂಚ ಬೇರೆಯಾಗುವುದು ನಿಜ. ಆದರೂ ಒಂದೇ ದೇಶದ ವ್ಯಕ್ತಿವ್ಯಕ್ತಿಗಳ ನಡುವಣ ಅಂತರವು ಸಾಮಾನ್ಯವಾಗಿ ದೇಶದೇಶಗಳ ನಡುವಣ ಅಂತರಕ್ಕಿಂತ ಹೆಚ್ಚಿನದೆಂದು 2011ರಲ್ಲಿ ಪ್ರಕಟವಾದ ಫಿಷರ್ ಮತ್ತು ಶ್ವಾರ್ಟ್ಸ್ ಅವರ ವಿಶ್ಲೇಷಣೆಯು ತೋರಿಸಿತು. ಒಂದು ಜನಾಂಗದವರೆಲ್ಲ ಇಂಥವರೇ ಎಂದು ತೀರ್ಪು ಕೊಡುವ ಮುನ್ನ ಈ ಮಾತನ್ನು ನೆನೆಯುವುದು ಲೇಸು.

ಬಾಯಲ್ಲಿ ಹೇಳುವ ಮೌಲ್ಯವು ಕೈಯಲ್ಲಿಯೂ ಕಾಣುವುದೇ ಎಂಬುದು ಇನ್ನೊಂದು ಪ್ರಶ್ನೆ. 2019ರಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ ಸಂಶೋಧಕರು ನಮ್ಮ ಭಾರತವೂ ಸೇರಿದಂತೆ 40 ದೇಶಗಳ 355 ನಗರಗಳಲ್ಲಿ 17,000ಕ್ಕೂ ಹೆಚ್ಚು ಪಾಕೀಟುಗಳನ್ನು ಬಳಸಿದರು. ಬ್ಯಾಂಕು, ಅಂಚೆಕಚೇರಿ, ಹೋಟೆಲು ಮೊದಲಾದ ಕಡೆಗಳಲ್ಲಿ, ಯಾರೋ ಕಳೆದುಕೊಂಡ ಪಾಕೀಟು ಸಿಕ್ಕಿತೆಂದು ಹೇಳಿ ಅಲ್ಲಿಯ ಸಿಬ್ಬಂದಿಯ ಕೈಗೆ ಕೊಟ್ಟು ಹೊರಟುಹೋದರು. ಕೆಲವು ಪಾಕೀಟುಗಳಲ್ಲಿ ಹಣವಿತ್ತು, ಕೆಲವುಗಳಲ್ಲಿರಲಿಲ್ಲ. ಹಣವಿದ್ದ ಪಾಕೀಟುಗಳು ಮರಳಿ ಬಾರವೆಂದು ನಾವು ಊಹಿಸುವುದು ಸಹಜ. ಫಲಿತಾಂಶವು ಇದಕ್ಕೆ ವಿರುದ್ಧವಾಗಿತ್ತು. ಹಣವಿಲ್ಲದಾಗ ನೂರಕ್ಕೆ ಸುಮಾರು 40 ಮಂದಿ ಒಡೆಯನನ್ನು ಸಂಪರ್ಕಿಸಿದರೆ, ಹಣವಿದ್ದಾಗ ಸುಮಾರು 51 ಮಂದಿ ಸಂಪರ್ಕಿಸಿದರು. ಮರಳಿಸಿದವರ ಪ್ರಮಾಣವು ದೇಶದಿಂದ ದೇಶಕ್ಕೆ ಬೇರೆಯಾಗಿದ್ದರೂ, 40ರಲ್ಲಿ 38 ದೇಶಗಳಲ್ಲಿ ಒಲವು ಈ ದಿಕ್ಕಿಗೇ ಇತ್ತು. ಕಳೆದುಕೊಂಡವನ ಮೇಲಣ ಕನಿಕರವೂ ತನ್ನನ್ನು ತಾನು ಕಳ್ಳನೆಂದು ಕಾಣಲು ಒಪ್ಪದ ಮನಸ್ಸೂ ಇದಕ್ಕೆ ಕಾರಣವೆಂದು ಸಂಶೋಧಕರು ವಿವರಿಸಿದರು.

ಆದರೆ ಮೌಲ್ಯವಿದ್ದ ಮಾತ್ರಕ್ಕೆ ಸತ್ಕಾರ್ಯವು ತಾನಾಗಿಯೇ ನಡೆಯುವುದಿಲ್ಲ. ಅಮೆರಿಕದ ಪ್ರಿನ್ಸ್‌ಟನ್ನಿನಲ್ಲಿ ಡಾರ್ಲಿ ಮತ್ತು ಬ್ಯಾಟ್ಸನ್ ಎಂಬವರು ಧರ್ಮಶಾಸ್ತ್ರದ 40 ವಿದ್ಯಾರ್ಥಿಗಳ ಮೇಲೆ ನಡೆಸಿದ ಪ್ರಯೋಗವು 1973ರಲ್ಲಿ ಪ್ರಕಟವಾಯಿತು. ವಿದ್ಯಾರ್ಥಿಗಳು ಭಾಷಣ ಮಾಡಲು ಒಂದು ಕಟ್ಟಡದಿಂದ ಇನ್ನೊಂದಕ್ಕೆ ಹೋಗಬೇಕಾಗಿತ್ತು. ದಾರಿಯಲ್ಲಿ ಒಬ್ಬನು ಬಾಗಿಲ ಬಳಿ ಕುಸಿದು ನರಳುತ್ತಿರುವಂತೆ ಏರ್ಪಾಡು ಮಾಡಲಾಗಿತ್ತು. ಸಮಯ ಬೇಕಾದಷ್ಟಿದೆಯೆಂದು ತಿಳಿದವರಲ್ಲಿ ನೂರಕ್ಕೆ 63ರಷ್ಟು ಮಂದಿ ನೆರವಿಗೆ ನಿಂತರು. ತಡವಾಯಿತು, ಬೇಗ ಹೋಗಿ ಎಂದು ಅವಸರಪಡಿಸಲ್ಪಟ್ಟವರಲ್ಲಿ ನಿಂತವರು ನೂರಕ್ಕೆ 10ರಷ್ಟು ಮಾತ್ರ. ಕೆಲವರು ಮಾಡಬೇಕಾಗಿದ್ದ ಭಾಷಣದ ವಿಷಯವೇ ದಾರಿಯಲ್ಲಿ ಬಿದ್ದವನಿಗೆ ನೆರವಾದ ಸಮಾರಿಯದವನ ಕಥೆ! ಆ ವಿಷಯವೂ ಹೇಳತಕ್ಕಂಥ ವ್ಯತ್ಯಾಸವನ್ನು ಉಂಟುಮಾಡಲಿಲ್ಲ. ಆ ತರುಣರಲ್ಲಿ ದಯೆಯಿರಲಿಲ್ಲವೆಂದಲ್ಲ. ಅವಸರದಲ್ಲಿ ಅದಕ್ಕೆ ಎಡೆ ಸಿಕ್ಕಲಿಲ್ಲ.

ಈ ಪಾಠವು ನಮ್ಮ ನಗರಕ್ಕೆ ವಿಶೇಷವಾಗಿ ಸಲ್ಲುತ್ತದೆ. ನಾವು ಬೆಳಗಾದರೆ ಲೋಕಲ್ ಗಾಡಿಯ ವೇಳೆಯನ್ನು ನೋಡಿ ಓಡುವ ಜನ. ನಿಲ್ದಾಣದ ಮೆಟ್ಟಿಲಿನ ಮೇಲೆ ಮುದುಕಿಯೊಬ್ಬಳು ಗಂಟನ್ನು ಇಳಿಸಿ ಏದುಸಿರು ಬಿಡುತ್ತಿದ್ದರೆ, ಅವಳ ಭಾಷೆ ಯಾವುದೇ ಆಗಿರಲಿ, ನಮ್ಮ ಮೌಲ್ಯಗಳ ಪರೀಕ್ಷೆಯು ಅಲ್ಲಿಯೇ ನಡೆಯುತ್ತದೆ. ಒಂದು ಗಾಡಿ ತಪ್ಪಿದರೆ ಇನ್ನೊಂದು ಬರುತ್ತದೆ.

ವಿದ್ಯಾರ್ಥಿಗಳು ಒಂದು ಅಭ್ಯಾಸವನ್ನು ಮಾಡಿ ನೋಡಬಹುದು. ಮೇಲೆ ಹೇಳಿದ ಹತ್ತು ಮೌಲ್ಯಗಳನ್ನು ಬರೆದು ನಮಗೆ ತೋರಿದ ಕ್ರಮದಲ್ಲಿ ಅಂಕೆ ಹಾಕೋಣ. ಬಳಿಕ ಒಂದು ವಾರ ಕಾಲ, ದಿನವೂ ಮಲಗುವ ಮುನ್ನ, ಅಂದು ನಾವು ನಿಜವಾಗಿ ಯಾವ ಮೌಲ್ಯಕ್ಕಾಗಿ ಯಾವುದನ್ನು ಬಿಟ್ಟುಕೊಟ್ಟೆವೆಂಬುದನ್ನು ಒಂದೇ ಸಾಲಿನಲ್ಲಿ ಬರೆಯೋಣ. ವಾರದ ಕೊನೆಗೆ ಎರಡು ಪಟ್ಟಿಗಳನ್ನೂ ಪಕ್ಕದಲ್ಲಿಟ್ಟು ನೋಡಿದರೆ ನಮ್ಮ ಮಾತಿಗೂ ನಡತೆಗೂ ಇರುವ ದೂರವು ನಮಗೇ ತಿಳಿಯುವುದು. ನೆರೆಯವರನ್ನು ಅಳೆಯುವುದಕ್ಕಿಂತ ಮೊದಲು ಆ ದೂರವನ್ನು ಕಡಿಮೆ ಮಾಡಿಕೊಳ್ಳುವುದೇ ನಮ್ಮ ಕರ್ತವ್ಯ.