ಮೂರು ಬಾಗಿಲು, ಒಂದೇ ಬೀಗ: ಐರೋನಿಕ್‌ಗೆ ಆಥೆಂಟಿಕೇಶನ್ ಹಾಕೋದು ಹೇಗೆ?

ಕಳೆದ ಸೆಮಿಸ್ಟರ್‌ನಲ್ಲಿ ಲ್ಯಾಬ್‌ನ ನಾಲ್ಕು ಹಳೇ ಸರ್ವರ್‌ಗಳನ್ನು ನೋಡ್ಕೊಳ್ಳೋ ಕೆಲಸ ನಮ್ಮ ತಂಡಕ್ಕೆ ಸಿಕ್ತು. ಪ್ರತಿ ಸಲ ಪೆನ್‌ಡ್ರೈವ್ ಹಿಡ್ಕೊಂಡು ಓಎಸ್ ಹಾಕೋಕೆ ಓಡಾಡೋದು ಬೇಡ ಅಂತ ಐರೋನಿಕ್ ಇನ್‌ಸ್ಟಾಲ್ ಮಾಡಿದ್ವಿ. ಇದು ಓಪನ್‌ಸ್ಟ್ಯಾಕ್‌ನ ಒಂದು ಪ್ರಾಜೆಕ್ಟ್. ಓಪನ್‌ಸ್ಟ್ಯಾಕ್‌ನ ಉಳಿದ ಭಾಗಗಳಿಲ್ಲದೆ ಒಂಟಿಯಾಗಿಯೂ ಓಡುತ್ತೆ. ಒಂದು ಕಮಾಂಡ್ ಕೊಟ್ಟರೆ ಸಾಕು, ಖಾಲಿ ಸರ್ವರ್ ತಾನೇ ಆನ್ ಆಗಿ, ನೆಟ್‌ವರ್ಕ್‌ನಿಂದ ಬೂಟ್ ಆಗಿ, ಡಿಸ್ಕ್ ಮೇಲೆ ಓಎಸ್ ಬರ್ಕೊಳ್ಳುತ್ತೆ.

ಬೇಗ ಓಡಲಿ ಅಂತ ಆಥೆಂಟಿಕೇಶನ್ ಜಾಗದಲ್ಲಿ 'ನೋಆಥ್' ಅಂತ ಹಾಕಿದ್ವಿ. "ಲ್ಯಾಬ್ ಒಳಗೆ ತಾನೇ, ಆಮೇಲೆ ನೋಡೋಣ" ಅಂದ್ಕೊಂಡ್ವಿ.

ಆ 'ಆಮೇಲೆ' ಬರೋ ಮೊದಲೇ ಒಬ್ಬ ಜೂನಿಯರ್ ಅದೇ ನೆಟ್‌ವರ್ಕ್‌ನಲ್ಲಿ ಕೂತು ಪ್ರಾಕ್ಟೀಸ್ ಮಾಡ್ತಾ ಒಂದು ನೋಡ್‌ಗೆ ಅನ್‌ಡಿಪ್ಲಾಯ್ ಕಮಾಂಡ್ ಕೊಟ್ಟ. ಐರೋನಿಕ್‌ನಲ್ಲಿ ಅನ್‌ಡಿಪ್ಲಾಯ್ ಆದ ಮೇಲೆ ಕ್ಲೀನಿಂಗ್ ನಡೆಯುತ್ತೆ, ಅಂದ್ರೆ ಡಿಸ್ಕ್ ಅಳಿಸಿಹೋಗುತ್ತೆ. ಅದರಲ್ಲಿ ಫೈನಲ್ ಇಯರ್ ಅಕ್ಕ ಒಬ್ಬರ ಪ್ರಾಜೆಕ್ಟ್ ರಿಸಲ್ಟ್‌ಗಳಿದ್ದವು. ಬ್ಯಾಕಪ್ ಒಂದು ವಾರ ಹಳೇದು. ಅದಕ್ಕಿಂತ ಬೇಜಾರಾಗಿದ್ದು ಏನಂದ್ರೆ, ಯಾರು ಮಾಡಿದ್ದು ಅಂತ ಲಾಗ್‌ನಲ್ಲಿ ಹೆಸರೇ ಇರಲಿಲ್ಲ. ಎರಡು ದಿನ ನಾವು ಒಬ್ಬರನ್ನೊಬ್ಬರು ಅನುಮಾನದಿಂದ ನೋಡಿದ್ವಿ. ಕೊನೆಗೆ ಆ ಹುಡುಗನೇ ಬಂದು ಹೇಳಿದ. ತಪ್ಪು ಅವನದ್ದಲ್ಲ. "ನೀನು ಯಾರು?" ಅಂತ ಟೂಲ್ ಕೇಳಬೇಕಿತ್ತು, ಕೇಳದ ಹಾಗೆ ಮಾಡಿಟ್ಟವರು ನಾವು.

ಆಮೇಲೆ ಕೂತು ಕಲಿತಿದ್ದನ್ನು ಇಲ್ಲಿ ಬರೀತಿದ್ದೀವಿ. ಮುಖ್ಯ ವಿಷಯ ಒಂದೇ: ಬೇರ್ ಮೆಟಲ್ ಟೂಲ್‌ಗೆ ಮೂರು ಬಾಗಿಲು ಇರುತ್ತೆ. ಪಾಸ್‌ವರ್ಡ್ ಹಾಕಿದ್ರೆ ಮುಚ್ಚೋದು ಒಂದು ಮಾತ್ರ.

ಬಾಗಿಲು 1: ಮನುಷ್ಯರು ಬರೋದು

ಐರೋನಿಕ್‌ನ ಎಪಿಐ ಸಾಮಾನ್ಯವಾಗಿ 6385ನೇ ಪೋರ್ಟ್‌ನಲ್ಲಿ ಕೂತಿರುತ್ತೆ. ಇಲ್ಲಿ ಮೂರು ಆಯ್ಕೆಗಳಿವೆ: ನೋಆಥ್, ಎಚ್‌ಟಿಟಿಪಿ ಬೇಸಿಕ್, ಕೀಸ್ಟೋನ್. ಕೀಸ್ಟೋನ್‌ನಲ್ಲಿ ಯಾರು ಏನು ಮಾಡಬಹುದು ಅಂತ ರೋಲ್ ಕೊಡಬಹುದು, ಆದ್ರೆ ಅದೊಂದು ಬೇರೆ ಸರ್ವಿಸ್ಸನ್ನೇ ನಡೆಸಬೇಕು. ನಾಲ್ಕು ಸರ್ವರ್‌ಗೆ ಬೇಸಿಕ್ ಸಾಕು.

ಮೊದಲು ಯೂಸರ್ ಫೈಲ್ ಮಾಡಬೇಕು. ಅಪಾಚೆ ಜೊತೆ ಬರೋ ಎಚ್‌ಟಿಪಾಸ್‌ಡಬ್ಲ್ಯೂಡಿ ಟೂಲ್‌ನಲ್ಲಿ ಕ್ಯಾಪಿಟಲ್ 'ಬಿ' ಆಪ್ಶನ್ ಕೊಡೋದು ಮರೀಬೇಡಿ. ಅದು ಬಿಕ್ರಿಪ್ಟ್ ಹ್ಯಾಶ್‌ಗೆ. ಐರೋನಿಕ್ ಒಪ್ಪೋದು ಬಿಕ್ರಿಪ್ಟ್ ಮಾತ್ರ. ನಾವು ಮೊದಲ ಸಲ ಆಪ್ಶನ್ ಬಿಟ್ಟು, ಸರಿಯಾದ ಪಾಸ್‌ವರ್ಡ್ ಕೊಟ್ರೂ ಒಳಗೆ ಬಿಡ್ತಿಲ್ಲವಲ್ಲ ಅಂತ ಅರ್ಧ ದಿನ ತಲೆ ಕೆಡಿಸ್ಕೊಂಡ್ವಿ. ಬಿಕ್ರಿಪ್ಟ್ ಬೇಕಂತಲೇ ನಿಧಾನವಾಗಿ ಲೆಕ್ಕ ಮಾಡುತ್ತೆ. ಫೈಲ್ ಕಳುವಾದ್ರೂ ಪಾಸ್‌ವರ್ಡ್ ಊಹಿಸೋದು ಕಷ್ಟವಾಗಲಿ ಅಂತ.

ನಂತರ ಐರೋನಿಕ್‌ನ ಕಾನ್ಫಿಗ್ ಫೈಲ್‌ನ ಡಿಫಾಲ್ಟ್ ವಿಭಾಗದಲ್ಲಿ ಆಥ್ ಸ್ಟ್ರಾಟೆಜಿಯನ್ನು ಎಚ್‌ಟಿಟಿಪಿ ಬೇಸಿಕ್ ಅಂತ ಬದಲಾಯಿಸಿ, ಯೂಸರ್ ಫೈಲ್‌ನ ಪಾತ್ ಕೊಟ್ಟು, ಸರ್ವಿಸ್ ರೀಸ್ಟಾರ್ಟ್ ಮಾಡಿ. ಎಪಿಐ ಮತ್ತು ಕಂಡಕ್ಟರ್ ಬೇರೆ ಬೇರೆ ಪ್ರೋಸೆಸ್ ಆಗಿ ಜೇಸನ್ ಆರ್‌ಪಿಸಿ ಮೂಲಕ ಮಾತಾಡ್ತಿದ್ರೆ, ಅದಕ್ಕೆ ಪ್ರತ್ಯೇಕ ವಿಭಾಗ ಇದೆ. ಅಲ್ಲೂ ಇದೇ ಕೆಲಸ ಮಾಡಬೇಕು, ಅಲ್ಲಿ ನೋಆಥ್ ಉಳಿದಿದ್ರೆ ಹಿತ್ತಲ ಬಾಗಿಲು ತೆರೆದೇ ಇರುತ್ತೆ.

ಮೂರು ಎಚ್ಚರಿಕೆ:

ಒಂದು, ಟೆಸ್ಟ್ ಮಾಡುವಾಗ ಎಪಿಐನ ರೂಟ್ ಅಡ್ರೆಸ್‌ಗೆ ಕರ್ಲ್ ಮಾಡಬೇಡಿ. ಅದು ಪಾಸ್‌ವರ್ಡ್ ಇಲ್ಲದೆಯೂ 200 ಅಂತ ಉತ್ತರ ಕೊಡುತ್ತೆ, ಯಾಕಂದ್ರೆ ಅದು ಪಬ್ಲಿಕ್ ದಾರಿ. ನೋಡ್‌ಗಳ ಪಟ್ಟಿ ಕೇಳಿ. 401 ಬಂದ್ರೆ ಬೀಗ ಬಿದ್ದಿದೆ ಅಂತ ಅರ್ಥ.

ಎರಡು, ಬೇಸಿಕ್ ಆಥ್‌ನಲ್ಲಿ ಹೆಸರು ಮತ್ತು ಪಾಸ್‌ವರ್ಡ್ ಹೋಗೋದು ಬೇಸ್64 ರೂಪದಲ್ಲಿ. ಅದು ಎನ್‌ಕ್ರಿಪ್ಶನ್ ಅಲ್ಲ, ಬರೀ ವೇಷ. ಯಾರು ಬೇಕಾದ್ರೂ ಬಿಚ್ಚಬಹುದು. ಹಾಗಾಗಿ ಟಿಎಲ್‌ಎಸ್ ಇರಲೇಬೇಕು.

ಮೂರು, ಎಲ್ಲರಿಗೂ ಒಂದೇ 'ಅಡ್ಮಿನ್' ಖಾತೆ ಕೊಡಬೇಡಿ. ಬೇಸಿಕ್‌ನಲ್ಲಿ ರೋಲ್‌ಗಳಿಲ್ಲ, ಒಳಗೆ ಬಂದವರು ಎಲ್ಲವನ್ನೂ ಮಾಡಬಹುದು. ಕನಿಷ್ಠ ಯಾರು ಬಂದ್ರು ಅಂತಾದ್ರೂ ಗೊತ್ತಾಗಬೇಕಾದ್ರೆ ಒಬ್ಬೊಬ್ಬರಿಗೆ ಒಂದೊಂದು ಹೆಸರು ಬೇಕು. ನಮ್ಮ ಆ ಎರಡು ದಿನದ ಅನುಮಾನಕ್ಕೆ ಮದ್ದು ಇದೇ.

ಬಾಗಿಲು 2: ಸರ್ವರ್ ತಾನೇ ಬರೋದು

ಇಲ್ಲಿದೆ ನಿಜವಾದ ಸ್ವಾರಸ್ಯ. ಓಎಸ್ ಇಲ್ಲದ ಸರ್ವರ್ ನೆಟ್‌ವರ್ಕ್‌ನಿಂದ ಬೂಟ್ ಆದಾಗ ಅದರೊಳಗೆ ಒಂದು ಚಿಕ್ಕ ಏಜೆಂಟ್ ಓಡುತ್ತೆ. ಅದು ಐರೋನಿಕ್‌ಗೆ "ನಾನು ಬಂದೆ, ನನ್ನ ಮ್ಯಾಕ್ ಅಡ್ರೆಸ್ ಇದು" ಅಂತ ಹೇಳಬೇಕು. ಡಿಸ್ಕೇ ಖಾಲಿ ಇರುವಾಗ ಪಾಸ್‌ವರ್ಡ್ ಎಲ್ಲಿಂದ ತರುತ್ತೆ? ಅದಕ್ಕೇ ಲುಕ್‌ಅಪ್ ಮತ್ತು ಹಾರ್ಟ್‌ಬೀಟ್ ಅನ್ನೋ ಎರಡು ದಾರಿಗಳು, ನೀವು ಎಂಥ ಬೀಗ ಹಾಕಿದ್ರೂ, ಪಾಸ್‌ವರ್ಡ್ ಇಲ್ಲದೆ ತೆರೆದಿರುತ್ತವೆ.

ಇದಕ್ಕೆ ಐರೋನಿಕ್ ಕೊಟ್ಟ ಉತ್ತರ ಏಜೆಂಟ್ ಟೋಕನ್. ಮೊದಲ ಲುಕ್‌ಅಪ್‌ನಲ್ಲಿ ಏಜೆಂಟ್‌ಗೆ ಒಂದು ಗುಟ್ಟಿನ ಟೋಕನ್ ಸಿಗುತ್ತೆ, ಒಂದೇ ಸಲ. ಆಮೇಲಿನ ಪ್ರತಿ ಹಾರ್ಟ್‌ಬೀಟ್ ಜೊತೆ ಅದನ್ನು ತೋರಿಸಬೇಕು. ಆದ್ರೆ ಗಮನಿಸಿ: ಮೊದಲು ಕೇಳಿದವರಿಗೆ ಟೋಕನ್. ಮ್ಯಾಕ್ ಅಡ್ರೆಸ್ ನಕಲು ಮಾಡೋದು ಕಷ್ಟವಲ್ಲ. ಜೊತೆಗೆ ನೆಟ್‌ವರ್ಕ್ ಬೂಟ್‌ಗೆ ಬಳಸೋ ಡಿಎಚ್‌ಸಿಪಿ, ಟಿಎಫ್‌ಟಿಪಿಗಳೂ "ನೀನು ಯಾರು" ಅಂತ ಕೇಳೋದಿಲ್ಲ. ಅದಕ್ಕೇ ಓಎಸ್ ಹಾಕೋ ನೆಟ್‌ವರ್ಕ್ ಬೇರೆ ವಿಎಲ್‌ಎಎನ್‌ನಲ್ಲಿರಬೇಕು, ವಿದ್ಯಾರ್ಥಿಗಳ ಲ್ಯಾಪ್‌ಟಾಪ್‌ಗಳು ಅಲ್ಲಿಗೆ ಹೋಗಬಾರದು. ಸರ್ವರ್ ಹೊಸದಾಗಿದ್ರೆ ವರ್ಚುವಲ್ ಮೀಡಿಯಾ ಬಳಸಿ. ಆಗ ಟೋಕನ್ ಬೂಟ್ ಇಮೇಜ್ ಜೊತೆಗೇ ತಲುಪುತ್ತೆ, ಲುಕ್‌ಅಪ್‌ನಲ್ಲಿ ಹಂಚೋ ಅಗತ್ಯ ಬೀಳೋದಿಲ್ಲ.

ಬಾಗಿಲು 3: ಬಿಎಂಸಿ

ಸರ್ವರ್ ಆನ್-ಆಫ್ ಮಾಡೋಕೆ ಮದರ್‌ಬೋರ್ಡ್ ಮೇಲೆ ಬಿಎಂಸಿ ಅನ್ನೋ ಪುಟ್ಟ ಕಂಪ್ಯೂಟರ್ ಇರುತ್ತೆ. ಐರೋನಿಕ್ ಅದರ ಜೊತೆ ಐಪಿಎಂಐ ಅಥವಾ ರೆಡ್‌ಫಿಶ್ ಮೂಲಕ ಮಾತಾಡುತ್ತೆ. ಯಾರಾದ್ರೂ ನೇರವಾಗಿ ಬಿಎಂಸಿಗೆ ಹೋದ್ರೆ ಐರೋನಿಕ್‌ನ ಪಾಸ್‌ವರ್ಡ್‌ಗೆ ಅರ್ಥವೇ ಇಲ್ಲ.

ಐಪಿಎಂಐ 2.0ರಲ್ಲಿ ವಿನ್ಯಾಸದಲ್ಲೇ ಒಂದು ದೋಷ ಇದೆ: ಯೂಸರ್ ಹೆಸರು ಗೊತ್ತಿರೋ ಯಾರೇ ಲಾಗಿನ್ ಶುರು ಮಾಡಿದ್ರೂ, ಅವರು ತಮ್ಮನ್ನು ಸಾಬೀತು ಮಾಡೋ ಮೊದಲೇ, ಬಿಎಂಸಿ ಪಾಸ್‌ವರ್ಡ್‌ನಿಂದ ಮಾಡಿದ ಹ್ಯಾಶ್ ಕಳಿಸಿಬಿಡುತ್ತೆ. ಅದನ್ನು ಮನೆಗೆ ಒಯ್ದು ನಿಧಾನವಾಗಿ ಮುರೀಬಹುದು. ಇದಕ್ಕೆ ಸಿವಿಇ-2013-4786 ಅಂತ ನಂಬರ್ ಇದೆ. ಸ್ಪೆಸಿಫಿಕೇಶನ್‌ನಲ್ಲೇ ಇರೋದ್ರಿಂದ ಫರ್ಮ್‌ವೇರ್ ಅಪ್‌ಡೇಟ್‌ನಿಂದ ಹೋಗಲ್ಲ. ಹಾಗಾಗಿ: ಫ್ಯಾಕ್ಟರಿ ಪಾಸ್‌ವರ್ಡ್ ಮೊದಲ ದಿನವೇ ಬದಲಿಸಿ, ಒಂದೊಂದು ಸರ್ವರ್‌ಗೆ ಬೇರೆ ಬೇರೆ ಉದ್ದದ ರ್‍ಯಾಂಡಮ್ ಪಾಸ್‌ವರ್ಡ್ ಕೊಡಿ (ಐಪಿಎಂಐ 2.0ರ ಮಿತಿ 20 ಬೈಟ್), ಬಿಎಂಸಿಯನ್ನು ಪ್ರತ್ಯೇಕ ನೆಟ್‌ವರ್ಕ್‌ನಲ್ಲಿಡಿ. ಎಚ್‌ಟಿಟಿಪಿಎಸ್ ಮೇಲೆ ನಡೆಯೋ ರೆಡ್‌ಫಿಶ್ ಇದ್ರೆ ಅದನ್ನೇ ಬಳಸಿ, ಐಪಿಎಂಐ ಆಫ್ ಮಾಡಿ.

ನೀವೇ ಮಾಡಿ ನೋಡಿ

ನಿಮ್ಮ ಲ್ಯಾಬ್‌ನಲ್ಲಿ ಇಂಥ ಟೂಲ್ ಇದ್ರೆ ಮೂರು ಪ್ರಶ್ನೆ ಕೇಳ್ಕೊಳ್ಳಿ. ಪಾಸ್‌ವರ್ಡ್ ಇಲ್ಲದೆ ನೋಡ್ ಪಟ್ಟಿ ಸಿಗುತ್ತಾ? ಹಾಸ್ಟೆಲ್ ವೈಫೈಯಿಂದ ಬಿಎಂಸಿಗೆ ಪಿಂಗ್ ಹೋಗುತ್ತಾ? ನಿನ್ನೆ ಕಮಾಂಡ್ ಕೊಟ್ಟಿದ್ದು ಯಾರು ಅಂತ ಲಾಗ್ ಹೇಳುತ್ತಾ? ಆದ್ರೆ ಟೆಸ್ಟ್ ಮಾಡೋ ಮೊದಲು ಲ್ಯಾಬ್ ಇನ್‌ಚಾರ್ಜ್ ಹತ್ರ ಪರ್ಮಿಶನ್ ತಗೊಳ್ಳಿ.

ನಮ್ಮ ಲ್ಯಾಬ್‌ನಲ್ಲಿ ಈಗ ಐದು ಯೂಸರ್‌ಗಳಿದ್ದಾರೆ. ಐದನೆಯವನು ಆ ಜೂನಿಯರ್. ಬಿಎಂಸಿ ಪಾಸ್‌ವರ್ಡ್‌ಗಳನ್ನೆಲ್ಲ ಬದಲಾಯಿಸಿದ್ದು ಅವನೇ. ಅಕ್ಕ ಮಾತ್ರ ಆ ಒಂದು ವಾರದ ರನ್‌ಗಳನ್ನು ಮತ್ತೆ ಮೊದಲಿಂದ ಓಡಿಸಬೇಕಾಯ್ತು.