ಹಗುರಾಗು, ಆದರೆ ಅಕ್ಷರ ಕಳೆಯಬೇಡ

ಮಗೂ, ನಿನ್ನ ಜಾಲತಾಣವನ್ನು ವರ್ಡ್‌ಪ್ರೆಸ್ಸಿನಿಂದ ಬಿಡಿಸಿ, ಎಸ್‌ಕ್ಯುಲೈಟ್ ಬಳಸುವ ಹಗುರ ತಂತ್ರಾಂಶಕ್ಕೆ ಸಾಗಿಸುವ ಯೋಚನೆ ಒಳ್ಳೆಯದೇ. ಒಬ್ಬಳೇ ಬರೆಯುವ ತಾಣಕ್ಕೆ ವರ್ಡ್‌ಪ್ರೆಸ್ ಬಳಸುವ, ಹಗಲೂ ರಾತ್ರಿ ಓಡುವ ಮೈಎಸ್‌ಕ್ಯುಎಲ್ ಸರ್ವರ್ ಬೇಕಿಲ್ಲ. ಎಸ್‌ಕ್ಯುಲೈಟ್‌ನಲ್ಲಿ ಇಡೀ ದತ್ತಾಂಶ ಒಂದೇ ಕಡತ. ರಿಚರ್ಡ್ ಹಿಪ್ 2000ದಲ್ಲಿ ಹೊರತಂದ ಈ ತಂತ್ರಾಂಶ ನಿನ್ನ ಮೊಬೈಲಿನೊಳಗೂ ಇದೆ. 2050ರವರೆಗೂ ಇದನ್ನು ನೋಡಿಕೊಳ್ಳುವ ಉದ್ದೇಶ ತಮಗಿದೆ ಎಂದು ಕಟ್ಟಿದವರೇ ಹೇಳಿದ್ದಾರೆ. ನಂಬಬಹುದು.

ನನ್ನ ಚಿಂತೆಯೆಲ್ಲ ಕನ್ನಡದ್ದು. ಹಳೆಯ ತಾಣಗಳ ಎಷ್ಟೋ ಟೇಬಲ್‌ಗಳ ಮೇಲೆ ಲ್ಯಾಟಿನ್1 ಎಂಬ ಹಣೆಪಟ್ಟಿ ಇರುತ್ತದೆ, ಒಳಗಿರುವುದು ಮಾತ್ರ ಯುಟಿಎಫ್-8 ಕನ್ನಡ. ಬರೆಯುವಾಗಲೂ ಓದುವಾಗಲೂ ಒಂದೇ ತಪ್ಪು ನಡೆಯುವುದರಿಂದ ತೆರೆಯ ಮೇಲೆ ಎಲ್ಲ ಸರಿಯಾಗೇ ಕಾಣುತ್ತದೆ. ಬಣ್ಣ ಬಯಲಾಗುವುದು ಡಂಪ್ ತೆಗೆದಾಗ, ಅಂದರೆ ದತ್ತಾಂಶವನ್ನೆಲ್ಲ ಒಂದು ಕಡತಕ್ಕೆ ಇಳಿಸಿದಾಗ. ಯುಟಿಎಫ್-8ರಲ್ಲಿ ‘ಕ’ ಅಕ್ಷರಕ್ಕೆ ಮೂರು ಬೈಟ್. ಮೈಎಸ್‌ಕ್ಯುಎಲ್ ಆ ಹಣೆಪಟ್ಟಿಯನ್ನೇ ನಂಬಿ ಮೂರನ್ನೂ ಬೇರೆಬೇರೆ ಯುರೋಪಿಯನ್ ಚಿಹ್ನೆಗಳೆಂದು ಪರಿವರ್ತಿಸಿಬಿಡುತ್ತದೆ. ಅದಕ್ಕೇ ಮೊದಲು ಟೇಬಲ್‌ಗಳ ಕ್ಯಾರೆಕ್ಟರ್ ಸೆಟ್ ನೋಡು. ಇಂಥ ಟೇಬಲ್ ಸಿಕ್ಕಿದರೆ ಡಂಪನ್ನೂ ಲ್ಯಾಟಿನ್1 ಎಂದೇ ತೆಗೆ, ಬೈಟ್‌ಗಳು ಇದ್ದ ಹಾಗೇ ಹೊರಬರುತ್ತವೆ. ಆಮೇಲೆ ಆ ಕಡತವನ್ನು ಯುಟಿಎಫ್-8 ಎಂದು ಓದಿಸು.

ಇನ್ನೊಂದು ವಿಷಯ ಪುಟದ ವಿಳಾಸದ್ದು. ಕನ್ನಡ ಶೀರ್ಷಿಕೆಯಿಂದ ವಿಳಾಸ ಮಾಡುವಾಗ ವರ್ಡ್‌ಪ್ರೆಸ್ ಒಂದೊಂದು ಯೂನಿಕೋಡ್ ಸಂಕೇತವನ್ನೂ ಶೇಕಡಾ ಗುರುತು ಸೇರಿ ಒಂಬತ್ತು ಚಿಹ್ನೆಗಳಾಗಿ ಬರೆದಿಡುತ್ತದೆ. ವಿಳಾಸ ಇಡುವ ಕಾಲಮ್ಮಿನ ಮಿತಿ 200 ಚಿಹ್ನೆ. ಗುಣಿತಾಕ್ಷರ, ಒತ್ತಕ್ಷರಗಳೆಲ್ಲ ಸೇರಿ 22 ಸಂಕೇತ ದಾಟುವುದರೊಳಗೆ ಉದ್ದ ಶೀರ್ಷಿಕೆ ತುಂಡಾಗಿರುತ್ತದೆ. ಹೊಸ ತಂತ್ರಾಂಶ ಶೀರ್ಷಿಕೆಯಿಂದಲೇ ವಿಳಾಸವನ್ನು ಮತ್ತೆ ಕಟ್ಟಿದರೆ ಹಳೆಯದಕ್ಕೆ ಹೊಂದುವುದಿಲ್ಲ. ನಿನ್ನ ಬರಹವನ್ನು ಗುರುತು ಮಾಡಿಟ್ಟುಕೊಂಡವರು ‘ಪುಟ ಸಿಗಲಿಲ್ಲ’ ಎಂಬ ಸಂದೇಶ ನೋಡುತ್ತಾರೆ. ತುಂಡಾದ ವಿಳಾಸವನ್ನು ತುಂಡಾದಂತೆಯೇ ಒಯ್ಯಿ. ಬದಲಿಸಲೇಬೇಕಾದ ಕಡೆ 301 ಮರುನಿರ್ದೇಶನ ಹಾಕು.

ಕಣ್ಣಿಗೆ ಕಾಣದ ಅಕ್ಷರಗಳನ್ನು ಕಸವೆಂದು ಗುಡಿಸುವ ಸ್ಕ್ರಿಪ್ಟ್‌ಗಳನ್ನು ದೂರವಿಡು. ‘ರಾಜ್‌ಕುಮಾರ್’ ಪದದ ನಡುವೆ ಅಂಥದೊಂದು ಅಕ್ಷರವಿದೆ. ಅದು ಹೋದರೆ ‘ರಾಜ್ಕುಮಾರ್’ ಎಂದು ಒತ್ತು ಬೀಳುತ್ತದೆ. ಯಂತ್ರ ಇದನ್ನು ತಪ್ಪೆಂದು ಹೇಳುವುದಿಲ್ಲ, ಕನ್ನಡ ಬಲ್ಲ ಕಣ್ಣೇ ಹಿಡಿಯಬೇಕು.

ಸಾಗಿಸಿದ ದಿನವೇ ಹಳೆಯ ಹೋಸ್ಟಿಂಗ್ ರದ್ದು ಮಾಡುವ ಆತುರ ಬೇಡ. ಹಳೆಯ, ಹೊಸ ತಾಣಗಳೆರಡನ್ನೂ ಪಕ್ಕಪಕ್ಕ ತೆರೆದು, ನೀನು ಮರೆತೇಬಿಟ್ಟಿರುವ ಹಳೆಯ ಬರಹಗಳಿಂದ ಶುರುಮಾಡಿ, ಒಂದೊಂದನ್ನೂ ಓದಿ ನೋಡು. ಓದಿ ಮುಗಿದ ಮೇಲೆ ಹಳೆಯದನ್ನು ಅಳಿಸು.